ಎರಡು ಕಡೆ ಇದ್ದ ಅಮ್ಮ

ಕಾನ್ವೆಂಟಿನಲ್ಲಿ ಓದುವಾಗ ನನಗೆ ಕ್ರಿಶ್ಚಿಯನ್ ಹುಡುಗಿಯರ ಮೇಲೆ ಒಂದೇ ಒಂದು ವಿಷಯಕ್ಕೆ ಹೊಟ್ಟೆಕಿಚ್ಚಿತ್ತು. ಅವರು ತಿಂಗಳಿಗೊಮ್ಮೆ ಸಾಲಾಗಿ ಹೋಗಿ, ಪರದೆಯ ಹಿಂದೆ ಕೂತ ಫಾದರ್ ಹತ್ತಿರ ತಪ್ಪೊಪ್ಪಿಕೊಂಡು, ಮುಖ ತೊಳೆದುಕೊಂಡವರ ಹಾಗೆ ಹೊರಗೆ ಬರುತ್ತಿದ್ದರು. ನಮ್ಮಂಥವರಿಗೆ ಆ ಹೊತ್ತಿನಲ್ಲಿ ಮಾರಲ್ ಸೈನ್ಸ್ ಮತ್ತು ಡೆಸ್ಕಿನ ತಪಾಸಣೆ. ಒಂದೇ ವಸ್ತು ಎರಡಿದ್ದರೆ ಒಂದನ್ನು ಬಿಟ್ಟುಕೊಡು ಅನ್ನುವುದು ನಮ್ಮ ಸಿಸ್ಟರ್ ನಿಯಮ. ಎರಡು ರಬ್ಬರ್ ಇಟ್ಟುಕೊಂಡವಳು ಸ್ವಾರ್ಥಿ. ಆ ಪಾಠವನ್ನು ಐವತ್ತೆಂಟನೇ ವಯಸ್ಸಿನವರೆಗೂ ಮರೆಯದೆ ಇಟ್ಟುಕೊಂಡಿದ್ದರಿಂದ ಏನಾಯಿತು ಅನ್ನುವುದನ್ನು ಈಗ ಪರದೆಯಿಲ್ಲದೆ ನಿಮ್ಮ ಮುಂದೆ ಹೇಳಿಕೊಳ್ಳುತ್ತಿದ್ದೇನೆ.

ನಮ್ಮಮ್ಮ ಹೋದ ವರ್ಷ ತೀರಿಕೊಂಡಳು. ಕೊನೆಯ ಕೆಲವು ತಿಂಗಳು ಜಯನಗರದ ನಮ್ಮ ಮನೆಯಲ್ಲೇ ಇದ್ದಳು. ಅವಳು ಮಾತಾಡಿದ್ದನ್ನೆಲ್ಲ ಅವಳ ಫೋನಿನಲ್ಲೇ ರೆಕಾರ್ಡ್ ಮಾಡುತ್ತಿದ್ದೆ. ಗೊಜ್ಜಿಗೆ ಹುಣಸೆಹಣ್ಣು ಎಷ್ಟು, ಯಾವ ಸೀರೆ ಯಾರಿಗೆ, ಹಾಲಿನವನ ಮೇಲೆ ಒಂದು ದೂರು, ಹೀಗೆ ಒಟ್ಟು ನಲವತ್ತು ತುಂಡು. ಅಮ್ಮ ಹೋದ ಮೇಲೆ ಆ ಫೋನ್ ಯಾರ ಹತ್ತಿರ ಇರಬೇಕು ಅಂತ ನನಗೂ ಬನಶಂಕರಿಯಲ್ಲಿರುವ ನನ್ನ ಅಕ್ಕ ಸುಮಿತ್ರಳಿಗೂ ಮುಸುಕಿನ ಗುದ್ದಾಟ ನಡೆಯಿತು. ಒಡವೆಗೆ ಇಷ್ಟು ಆಗಿರಲಿಲ್ಲ.

ಜಗಳ ಬಿಡಿಸಿದವಳು ತಿಲಕ್ ನಗರದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿರುವ ಶಾಹೀನಾ. ಟಿಫನ್ ಕ್ಯಾರಿಯರ್ ಗಾತ್ರದ ಎರಡು ಪೆಟ್ಟಿಗೆ ತಂದು, ಒಂದನ್ನು ನಮ್ಮ ಟಿವಿ ಪಕ್ಕ, ಇನ್ನೊಂದನ್ನು ಅಕ್ಕನ ದೇವರಮನೆಯ ಹೊರಗೆ ಇಟ್ಟು, ಫೋನಿನಲ್ಲಿದ್ದ ನಲವತ್ತನ್ನೂ ಅವುಗಳಿಗೆ ತುಂಬಿದಳು. "ನೋಡಿ ಆಂಟಿ, ಎರಡೂ ಇಂಟರ್ನೆಟ್ಟಲ್ಲಿ ಮಾತಾಡ್ಕೊಂಡಿರ್ತವೆ. ಇಲ್ಲಿ ಇಟ್ಟಿದ್ದು ಅಲ್ಲಿ, ಅಲ್ಲಿ ಇಟ್ಟಿದ್ದು ಇಲ್ಲಿ. ಆದ್ರೂ ಬೇರೆ ಒಂದು ಕಾಪಿ ಮಾಡಿ ಬೀರುನಲ್ಲಿ ಇಟ್ಬಿಡಿ" ಅಂದಳು. ಎರಡೇ ಹೆಚ್ಚು, ಮೂರನೆಯದು ದುರಾಸೆ ಅನ್ನಿಸಿತು ನನಗೆ. ಫೋನನ್ನು ಒರೆಸಿ, ಒಳಗಿದ್ದದ್ದನ್ನೂ ಒರೆಸಿ, ಮನೆಗೆಲಸದ ಗೌರಮ್ಮನಿಗೆ ಕೊಟ್ಟೆ.

ತೊಂದರೆ ಇದ್ದದ್ದು ಅಕ್ಕನ ಕೈಯಲ್ಲಿ. ಮನೆಯಿಂದ ಹೊರಡುವಾಗ ಅವಳು ಎಲ್ಲ ಸ್ವಿಚ್ ಆರಿಸುತ್ತಾಳೆ. ದೇವಸ್ಥಾನಕ್ಕೆ ಹೋದಳು ಅಂದರೆ ಅವಳ ಪೆಟ್ಟಿಗೆಯೂ ನಿದ್ದೆ. ಇಲ್ಲಿ ನನ್ನ ಪೆಟ್ಟಿಗೆ ಕಿತ್ತಳೆ ದೀಪ ಮಿಟುಕಿಸುತ್ತ, ಜೊತೆಗಾರ ಸಿಗುತ್ತಿಲ್ಲ ಅಂತ ಗೋಳಾಡುತ್ತಿತ್ತು. ಅದರಲ್ಲೂ ಒಂದು ಸಲ ಗೊಜ್ಜಿನ ರೆಕಾರ್ಡಿಂಗ್‌ನಲ್ಲಿ ಅಮ್ಮ ಕೊನೆಗೆ ತುಂಬಾ ಹೊತ್ತು ಕೆಮ್ಮುವುದನ್ನು ಕೇಳಲಾರದೆ ನಾನು ಆ ಭಾಗ ಕತ್ತರಿಸಿದೆ. ಅದೇ ಬೆಳಿಗ್ಗೆ ನೆಟ್ ಇಲ್ಲದೆ ಬೇರೆಯಾಗಿದ್ದ ಅಕ್ಕನ ಪೆಟ್ಟಿಗೆಯಲ್ಲಿ ಅವಳು ಅದೇ ರೆಕಾರ್ಡಿಂಗ್‌ನಲ್ಲಿದ್ದ ನನ್ನ ಮಾತುಗಳನ್ನು ಕತ್ತರಿಸಿದ್ದಳು. "ಅಮ್ಮ ಮಾತಾಡ್ತಿದ್ರೆ ಮಧ್ಯೆ ಮಧ್ಯೆ ನಿಂದೇನೇ ಅದು ಕೊಯ್ ಕೊಯ್" ಅಂತ. ಪೆಟ್ಟಿಗೆಗಳು ಮತ್ತೆ ಭೇಟಿಯಾದಾಗ ಯಾರದು ಸರಿ ಅಂತ ತಿಳಿಯದೆ, ನನ್ನದನ್ನು ಹಾಗೇ ಇಟ್ಟು, ಅಕ್ಕನದಕ್ಕೆ ಅರ್ಧ ಸಾಲಿನಷ್ಟು ಉದ್ದದ, ಅಂಕಿಗಳೇ ತುಂಬಿದ ಹೆಸರು ಕೊಟ್ಟು ಪಟ್ಟಿಯ ತಳಕ್ಕೆ ತಳ್ಳಿದವು. ಅದು ಯಂತ್ರದ ಒಳಗಿನ ಯಾವುದೋ ನರ ಇರಬೇಕು ಅಂದುಕೊಂಡು ನಾನು ಮುಟ್ಟಲೇ ಇಲ್ಲ.

ಆಮೇಲೆ ಶುರುವಾಯಿತು ನನ್ನ ಉಪದೇಶ. ಗಟ್ಟಿಯಾಗಿ ಬೈದು ನನಗೆ ಅಭ್ಯಾಸವಿಲ್ಲ, ಮೆತ್ತಗೆ ಕೊರೆಯುವುದು ಗೊತ್ತು. "ಅಕ್ಕಾ, ಆ ಒಂದು ಸ್ವಿಚ್ ಮಾತ್ರ ಆರಿಸ್ಬೇಡ್ವೇ." ದಿನಾ ಇದೇ. ಮೂರು ತಿಂಗಳಿಗೆ ಅವಳು ಸೋತು ಆ ಸ್ವಿಚ್ಚಿನ ಮೇಲೆ ಬ್ಯಾಂಡ್‌ಏಡ್ ಅಂಟಿಸಿದಳು. "ತಗೊಳ್ಳಮ್ಮ ಹೆಡ್‌ಮಿಸ್ಟ್ರೆಸ್, ಇನ್ಮೇಲೆ ಮುಟ್ಟಲ್ಲ" ಅಂದಳು. ಹುಟ್ಟಿದಾಗಿನಿಂದ ಅಕ್ಕ ನನ್ನ ಮಾತು ಕೇಳಿದ್ದು ಅದೊಂದೇ ಸಲ.

ಕಳೆದ ತಿಂಗಳು ನಾದಿನಿಯ ಮಗಳ ಮದುವೆಯ ಫೋಟೋ, ವೀಡಿಯೋ ಹಾಕುವಾಗ ಪೆಟ್ಟಿಗೆ ಜಾಗವಿಲ್ಲ ಅಂದಿತು. ಒಳಗೆ ನೋಡಿದರೆ ಅಮ್ಮ ಕೂತಿದ್ದಾಳೆ. ನಲವತ್ತು ತುಂಡು ಅಮ್ಮ ಎಷ್ಟು ಜಾಗ ತಿನ್ನುತ್ತಿರಬಹುದು ಅಂತ ಲೆಕ್ಕ ಹಾಕಿದೆ. ಅಕ್ಕನಲ್ಲಿ ಹೇಗೂ ಒಂದು ಪ್ರತಿ ಇದೆ. ಅವಳು ದಿನಾ ಕಾಫಿ ಸೋಸುವಾಗ ಕೇಳುತ್ತಾಳೆ, ನಾನು ಅಪರೂಪಕ್ಕೆ. ಬೇಕಾದಾಗ ಬನಶಂಕರಿಗೆ ಹೋಗಿ ಕೇಳಿದರಾಯಿತು. ನನ್ನದನ್ನು ಬಿಟ್ಟುಕೊಟ್ಟೆ. ನಲವತ್ತನ್ನೂ ಅಳಿಸುವಾಗ ಕಣ್ಣಲ್ಲಿ ನೀರು ಬಂತು, ಜೊತೆಗೆ ಸ್ವಲ್ಪ ಹೆಮ್ಮೆಯೂ ಅನ್ನಿ. ಕಸದ ಬುಟ್ಟಿ ತುಂಬಿದ್ದರೆ ನನಗೆ ಊಟ ಸೇರುವುದಿಲ್ಲ, ಪೆಟ್ಟಿಗೆಯದನ್ನೂ ಖಾಲಿ ಮಾಡಿದೆ. ಮದುವೆ ಸಲೀಸಾಗಿ ಒಳಗೆ ಹೋಯಿತು.

ಮೂರನೆಯ ದಿನ ಬೆಳಿಗ್ಗೆ ಅಕ್ಕನ ಫೋನ್. ಬೇಗೂರಿನಲ್ಲಿರುವ ಮಗಳ ಮನೆಯಿಂದ ಹಿಂದಿನ ಸಂಜೆ ವಾಪಸಾಗಿದ್ದಳು.

"ಅಮ್ಮ ಬರ್ತಿಲ್ಲ ಕಣೆ" ಅಂದಳು.

"ಸರಿಯಾಗಿ ನೋಡೇ. ನಾನು ತೆಗೆದಿದ್ದು ನನ್ನದು ಮಾತ್ರ."

"ಏನು ತೆಗೆದೆ?"

ಹೇಳಿದೆ. ಆ ಕಡೆ ಕುಕ್ಕರ್ ಕೂಗಿದ್ದು ಕೇಳಿಸಿತು. ನನಗೆ ಒಂದೇ ಆಸೆ ಉಳಿದಿತ್ತು. "ಅಕ್ಕಾ, ಬೇಗೂರಿಗೆ ಹೋಗುವಾಗ ಸ್ವಿಚ್ ಆರಿಸಿ ಹಾಗೇ ಬಿಟ್ಟಿದ್ಯಾ?"

"ಇಲ್ಲಮ್ಮ" ಅಂದಳು. "ನೀನೇ ಬೇಡ ಅಂದಿದ್ಯಲ್ಲ."

ಶಾಹೀನಾ ಬಂದು ಎರಡೂ ಮನೆಯಲ್ಲಿ ನೆಲದ ಮೇಲೆ ಕೂತು ನೋಡಿದಳು. ಪೆಟ್ಟಿಗೆಯಲ್ಲಿ ದೋಷವೇನಿರಲಿಲ್ಲ. "ಅದಕ್ಕೆ ನೀವು ಇಡೋದೂ ಒಂದು ಕೆಲಸ, ತೆಗೆಯೋದೂ ಒಂದು ಕೆಲಸ ಆಂಟಿ. ಇಲ್ಲಿ ತೆಗೆದ್ರಿ, ಅಲ್ಲೂ ತೆಗೀತು. ಆರಿಸಿದ್ದಿದ್ರೆ ಅದಕ್ಕೆ ಗೊತ್ತೇ ಆಗ್ತಿರ್ಲಿಲ್ಲ, ನಾವು ಎತ್ಕೊಂಡುಬಿಡಬಹುದಿತ್ತು." ಅಳಿಸಿದ್ದನ್ನು ಕೆದಕಿ ತೆಗೆಯಲು ನೋಡಿದಳು. ಆ ಜಾಗದಲ್ಲಿ ಮದುವೆ ಕೂತುಬಿಟ್ಟಿತ್ತು, ಎರಡೂ ಮನೆಯಲ್ಲಿ. ಹೋಗುವ ಮುಂಚೆ ಚಪ್ಪಲಿ ಹಾಕಿಕೊಳ್ಳುತ್ತ, ನೆಲ ನೋಡಿಕೊಂಡು ಹೇಳಿದಳು: "ನಲವತ್ತೂ ಸೇರಿ ಆ ಮದುವೆಯ ಒಂದು ವೀಡಿಯೋದಷ್ಟೂ ಇರ್ಲಿಲ್ಲ ಆಂಟಿ." ಇಡೀ ತಾಯಿ ಅಂದರೆ ಭಾರ ಇರುತ್ತಾಳೆ ಅಂದುಕೊಂಡಿದ್ದೆ ನಾನು.

ಪಟ್ಟಿಯ ತಳದಲ್ಲಿ, ನಾನು ಹೆದರಿ ಮುಟ್ಟದೆ ಬಿಟ್ಟಿದ್ದ ಆ ಉದ್ದ ಹೆಸರಿನದು ಮಾತ್ರ ಉಳಿದಿತ್ತು. ನಾವಿಬ್ಬರೂ ಒಪ್ಪಿಕೊಂಡಿದ್ದೆಲ್ಲ ಹೋಯಿತು, ಕಿತ್ತಾಡಿದ್ದೊಂದು ಉಳಿಯಿತು. ಹೊರಡುವ ಮುಂಚೆಯೇ ಶಾಹೀನಾ ಅದನ್ನು ಹಾಕಿ ಕೇಳಿಸಿದ್ದಳು. ನನ್ನ ಕೊಯ್ ಕೊಯ್ ಇಲ್ಲದ ಗೊಜ್ಜು. ಆಮೇಲೆ ಕೆಮ್ಮು. ನಾನು ಕತ್ತರಿಸಿದ್ದ ಆ ಕೆಮ್ಮು ಮುಗಿದ ಮೇಲೆ ಇನ್ನೂ ಸ್ವಲ್ಪ ಮಾತಿತ್ತು, ನಾನು ಅಲ್ಲಿವರೆಗೆ ಹಾಕಿ ಕೇಳಿಯೇ ಇರಲಿಲ್ಲ. "ಮಾರ್ಕೆಟ್ಟಿಗೆ ಹೊರಟ್ಯಾ? ಹೋಗ್ತಾ ಸ್ವಿಚ್ಚೆಲ್ಲಾ ಆರಿಸಿ ಹೋಗು."

ಅದೀಗ ಒಂದು ಪೆನ್ ಡ್ರೈವಿನಲ್ಲಿ, ಅಕ್ಕನ ಮನೆಯ ಅಕ್ಕಿ ಡಬ್ಬಿಯಲ್ಲಿದೆ. ನನಗೂ ಒಂದು ಪ್ರತಿ ಕೊಡೇ ಅಂದೆ. "ನಿನ್ನ ಹತ್ರ ಇದ್ರೆ ನನ್ನದೂ ಹೋಗುತ್ತೆ" ಅಂದಳು. ಸಿಟ್ಟಿನಿಂದ ಅಲ್ಲ, ಮಳೆ ಬಂದರೆ ನೆನೆಯುತ್ತೆ ಅನ್ನುವ ಹಾಗೆ. ಹಾಗಾಗಿ ಶುಕ್ರವಾರ ಶುಕ್ರವಾರ ನಾನೇ ಬನಶಂಕರಿಗೆ ಹೋಗಿ ಒಂದು ಸಲ ಕೇಳಿಸಿಕೊಳ್ಳುತ್ತೇನೆ. ಆಮೇಲೆ ಇಬ್ಬರೂ ದೇವಸ್ಥಾನಕ್ಕೆ ಹೊರಡುತ್ತೇವೆ. ಅಕ್ಕ ಒಂದೊಂದೇ ಸ್ವಿಚ್ ಆರಿಸುತ್ತ ಬರುತ್ತಾಳೆ, ಬಾಗಿಲ ಹತ್ತಿರ ಫ್ರಿಜ್ಜಿನದನ್ನೂ ಆರಿಸಿ ನನ್ನ ಮುಖ ನೋಡುತ್ತಾಳೆ. ಒಳಗೆ ಹಾಲಿದೆ, ನೆನ್ನೆಯ ಹುಳಿಯಿದೆ, ನಾವು ಬರುವಷ್ಟರಲ್ಲಿ ಮಧ್ಯಾಹ್ನವಾಗುತ್ತದೆ. ನಾನು ಬಾಳೆಹಣ್ಣಿನ ಚೀಲ ಹಿಡಿದುಕೊಂಡು ಸುಮ್ಮನೆ ನಿಂತಿರುತ್ತೇನೆ.