ಒಂದು ವಾರ ಪುಕ್ಕಟೆ ಒಗೆತ

ಯಾವ ಉದ್ಯೋಗಕ್ಕೂ ಕೈ ಹಾಕುವ ಮೊದಲು ಅದು ನಡೆಯುತ್ತದೋ ಇಲ್ಲವೋ ಪರೀಕ್ಷಿಸಬೇಕೆಂಬ ಬುದ್ಧಿ ನನಗೆ ಮೊದಲಿನಿಂದಲೂ ಇದೆ. ಅದೇ ತಪ್ಪಾಯಿತು!

ಆಗ ನಮ್ಮ ನರೇಗಲ್ಲಿನಲ್ಲಿ ಮೊಬೈಲೇ ಹೊಸದು. ಬಟ್ಟೆ ಒಗೆಯುವ ಮಷಿನ್ನನ್ನಂತೂ ಕಂಡವರು ಕಡಿಮೆ. ಹುಬ್ಬಳ್ಳಿಯಲ್ಲಿದ್ದ ನನ್ನ ಭಾವಮೈದುನ ಹೊಸದೊಂದು ಕೊಂಡು, ಹಳೆಯದನ್ನು ನಮಗೆ ಕಳಿಸಿದ. ಹೈಸ್ಕೂಲಿನ ಗುಮಾಸ್ತನಾಗಿ ದಣಿದಿದ್ದ ನನಗೆ ಅದರೊಳಗೆ ನನ್ನ ಭವಿಷ್ಯವೇ ಗರಗರ ತಿರುಗುವುದು ಕಂಡಿತು. ಊರಿನ ಬಟ್ಟೆಯನ್ನೆಲ್ಲ ನಾನೇ ಒಗೆದರೆ?

"ಮೊದ್ಲ ನಾಕ್ ಮಂದೀನ ಕೇಳ್ರಿ," ಎಂದಳು ಹೆಂಡತಿ ಶಾಂತವ್ವ.

ನಾಲ್ಕಲ್ಲ, ನಲವತ್ತು ಮನೆ ಕೇಳಿದೆ. ಎಲ್ಲರೂ "ಭಾಳ ಚಲೋ ಆತ್ರಿ!" ಎಂದರು. ಪ್ರಯೋಗಾರ್ಥವಾಗಿ ಒಂದು ವಾರ ಪುಕ್ಕಟೆ ಒಗೆದುಕೊಡುವುದಾಗಿ ಘೋಷಿಸಿಬಿಟ್ಟೆ.

ಮರುದಿನ ಬಾಗಿಲು ತೆರೆದರೆ ಅಂಗಳದಲ್ಲಿ ಕೌದಿಗಳ ಗುಡ್ಡ! ಒಂದು ಅಂಗಿಯಿಲ್ಲ, ಒಂದು ಸೀರೆಯಿಲ್ಲ. ಅವನ್ನೆಲ್ಲ ಮನೆಯಲ್ಲೇ ಒಗೆದುಕೊಂಡು, ವರ್ಷಗಟ್ಟಲೆ ನೀರು ಕಾಣದ, ಹಳೆ ಸೀರೆಗಳನ್ನು ಪದರ ಪದರ ಸೇರಿಸಿ ಹೊಲಿದ ಕೌದಿಗಳನ್ನು ಮಾತ್ರ ನನಗೆ ಕಾದಿರಿಸಿದ್ದರು.

ಮೊದಲ ಕೌದಿ ಮಷಿನ್ನಿಗೆ ಇಳಿಯಿತು. ನೀರು ಕುಡಿಯಿತು. ಮತ್ತೆ ಕುಡಿಯಿತು. ಎಂಟು ದಿನಕ್ಕೊಮ್ಮೆ ನಳ ಬರುವ ಊರು ನಮ್ಮದು. ಶಾಂತವ್ವ ತುಂಬಿಟ್ಟಿದ್ದ ಎರಡು ಬ್ಯಾರಲ್ಲುಗಳೂ ಖಾಲಿಯಾದವು. ಆಮೇಲೆ ಮಷಿನ್ನು ಗಡಗಡ ನಡುಗುತ್ತ, ಜಾಗ ಬಿಟ್ಟು ಅಡುಗೆಮನೆಯತ್ತ ನಡೆಯತೊಡಗಿತು! ಹೊಸ್ತಿಲ ಬಳಿ ಹೊಗೆ ಬಿಟ್ಟು ಶಾಶ್ವತ ವಿಶ್ರಾಂತಿ ಪಡೆಯಿತು.

"ಇನ್ನ ನಳ ಬರೂತನಕ ಏನ್ ಕುಡಿಯೂದ್ರಿ? ಕೌದಿ ಹಿಂಡಿ ಕುಡಿಯೂಣೇನು?" ಎಂದಳು ಶಾಂತವ್ವ.

 

ಆದರೆ ಕೊಟ್ಟ ಮಾತು ಉಳಿಯಬೇಕಲ್ಲ? ರಜೆ ಹಾಕಿ, ಕೌದಿಗಳನ್ನೆಲ್ಲ ಬಂಡಿಯಲ್ಲಿ ಹೇರಿಕೊಂಡು ಗೆಳೆಯನ ಹೊಲದ ಬೋರ್‌ವೆಲ್ಲಿಗೆ ಹೋದೆ. ಮೂರು ದಿನ ಕಲ್ಲಿಗೆ ಬಡಿದೆ. ಯಾರು ಯಾರನ್ನು ಬಡಿದರೆಂಬುದು ನನ್ನ ಸೊಂಟಕ್ಕೆ ಗೊತ್ತು.

ಪಕ್ಕದ ಮನೆಯ ಬೀಬಿಜಾನ್ ತನ್ನ ಕೌದಿಯನ್ನು ಬಿಸಿಲಿಗೆ ಹಿಡಿದು ನೋಡಿ ಹಿಗ್ಗಿದಳು. ಅಷ್ಟು ದಣಿವಿನಲ್ಲೂ ಪರೀಕ್ಷೆಯ ಫಲಿತಾಂಶ ಕೇಳದಿರಲು ನನ್ನಿಂದಾಗಲಿಲ್ಲ.

"ಮಷಿನ್ ರಿಪೇರಿ ಮಾಡಿಸಿ ಅಂಗಡಿ ಹಾಕಿದ್ರ, ರೊಕ್ಕ ಕೊಟ್ಟು ಒಗಸ್ತೀಯೇನವಾ?"

"ರೊಕ್ಕಾ?" ಆಕೆ ಕಣ್ಣರಳಿಸಿದಳು. "ನೀವೇನೋ ಹರಕಿ ಹೊತ್ತೀರಿ ಅಂತ ತಿಳಕೊಂಡಿದ್ವಲ್ರಿ ಅಣ್ಣಾರ!"

ನಲವತ್ತು ಮನೆಯವರೂ ಹಾಗೇ ತಿಳಿದಿದ್ದರು!

ಸೋಮವಾರ ಶಾಲೆಗೆ ಹೋದೆ. ಅರ್ಧಕ್ಕೆ ಬಗ್ಗಿ ನಿಂತ ನನ್ನನ್ನು ಕಂಡು ಹೆಡ್‌ಮಾಸ್ತರರು, "ಅಷ್ಟೊಂದ್ ವಿನಯ ಯಾಕ್ರಿ? ನೆಟ್ಟಗ ನಿಂತು ಮಾತಾಡ್ರಿ" ಎಂದರು.

ನೆಟ್ಟಗೆ ನಿಲ್ಲಲು ಇನ್ನೂ ಹದಿನೈದು ದಿನ ಬೇಕಾಯಿತು.