ದೊಡ್ಡವ್ವ ಬಿಚ್ಚಿದ ಇಂಜಿನ್

ನಮ್ಮ ದೊಡ್ಡವ್ವನ ಕೈಗೆ ಯಾರೂ ಸ್ಪ್ಯಾನರ್ ಕೊಡಬಾರದು. ಇದನ್ನು ನಾನು ಹೊಟ್ಟೆಕಿಚ್ಚಿನಿಂದ ಹೇಳುತ್ತಿಲ್ಲ, ಸೊಂಟ ನೋವಿನಿಂದ ಹೇಳುತ್ತಿದ್ದೇನೆ. ಹಳಿಯಾಳದ ಅವಳ ಮನೆಯಲ್ಲಿ ಬಿಚ್ಚದೆ ಉಳಿದ ವಸ್ತುವೇ ಇರಲಿಲ್ಲ. ಹೊಲಿಗೆ ಯಂತ್ರ ಬಿಚ್ಚಿದಳು, ಮಿಕ್ಸರ್ ಬಿಚ್ಚಿದಳು. ನಾನು ಉಡುಗೊರೆಯಾಗಿ ಒಯ್ದ ಟೇಬಲ್ ಫ್ಯಾನನ್ನು ಊಟ ಮುಗಿಸಿ ಕೈ ತೊಳೆಯುವಷ್ಟರಲ್ಲಿ ಬಿಚ್ಚಿ ಹರಡಿದ್ದಳು. ಛಲೋ ತಿರುಗುತ್ತಿತ್ತಲ್ಲ, ಯಾಕ ಬಿಚ್ಚಿದಿ ಅಂತ ಕೇಳಿದೆ. "ಯಾಕ ಛಲೋ ತಿರಗತೈತಿ ಅಂತ ನೋಡಾಕ," ಅಂದಳು. ಇಂಥವರಿಗೆ ಏನು ಹೇಳುತ್ತೀರಿ? ಆದರೂ ಕಾರಿನ ಇಂಜಿನ್ನಿಗೇ ಕೈ ಹಾಕುತ್ತಾಳೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ.

ಕಾರು ದೊಡ್ಡಪ್ಪನದು, ಹಳೇ ಅಂಬಾಸಡರ್. ದಾಂಡೇಲಿ, ಗಣೇಶಗುಡಿ, ಉಳವಿ ಅಂತ ಬಾಡಿಗೆಗೆ ಓಡಿಸಿಯೇ ಅವನು ಸಂಸಾರ ಸಾಗಿಸಿದ್ದ. ತೊಂಬತ್ತರ ದಶಕದ ಕೊನೆಗೆ ಅವನಿಗೆ ಲಕ್ವಾ ಹೊಡೆಯಿತು. ಎಡಗೈ, ಎಡಗಾಲು ಹೇಳಿದಂತೆ ಕೇಳದಾದವು. ಮಾತು ಪೂರ್ತಿ ಹೋಗಿರಲಿಲ್ಲ, ತೊದಲುತ್ತಿತ್ತು. ಆ ತೊದಲು ಯಾರ ಕಿವಿಗೂ ಬೀಳಬಾರದೆಂದು ಅವನು ಬಾಯಿಯನ್ನೇ ಮುಚ್ಚಿಬಿಟ್ಟ. ನಡುಮನೆಯ ಮಂಚ ಹಿಡಿದ. ನೀರು ಬೇಕಾದರೂ ಹೆಂಡತಿಗೆ ಬೆರಳಿನ ಸನ್ನೆ.

ಕಾರು ಅಂಗಳದಲ್ಲಿ ನಿಂತಿತು. ನಿಲ್ಲುವ ಮೊದಲೇ ಅದರ ಇಂಜಿನ್ ಟಕಟಕ ಅನ್ನುತ್ತಿತ್ತು, ಏರಿನಲ್ಲಿ ಏದುಸಿರು ಬಿಡುತ್ತಿತ್ತು. ಗ್ಯಾರೇಜಿನವನೊಬ್ಬ ಬಂದು ನೋಡಿ, ವಾಲ್ವುಗಳೂ ಅವುಗಳನ್ನು ಒತ್ತಿ ತೆರೆಯುವ ರಾಕರುಗಳೂ ಸವೆದಿವೆ, ಈ ಮುದುಕಿಗೆ ಇನ್ನು ಯಾಕ ಖರ್ಚು ಮಾಡ್ತೀರಿ, ಗುಜರಿಗೆ ಹಾಕ್ರಿ ಅಂದನಂತೆ. ಮುದುಕಿ ಅಂದಿದ್ದು ಕಾರಿಗೆ. ದೊಡ್ಡವ್ವ ಅದನ್ನು ಯಾರಿಗೆ ಅಂದುಕೊಂಡಳೋ, ಅವನಿಗೆ ಚಹಾ ಕುಡಿಸಿ ಕಳಿಸಿದವಳೇ ದಾಂಡೇಲಿಗೆ ನನ್ನ ಆಫೀಸಿಗೆ ಫೋನು ಮಾಡಿದಳು. "ರವಿವಾರ ಬಾ. ಹಳೇ ಅಂಗಿ ಹಾಕ್ಕೊಂಡ ಬಾ."

ಅಲ್ಲಿಂದ ನನ್ನ ರವಿವಾರಗಳು ಮುಗಿದವು. ವಾರವಿಡೀ ಕಾಗದದ ಕಾರ್ಖಾನೆಯಲ್ಲಿ ದುಡಿದವನು ಒಂದು ದಿನ ಮಲಗಬಾರದೇ? ಬೆಳಗಿನ ಬಸ್ಸಿಗೆ ತೂಕಡಿಸುತ್ತ ಹೋಗುವುದು, ಇಂಜಿನ್ನಿನ ಮೇಲೆ ಬಗ್ಗುವುದು, ಬಗ್ಗಿದವನು ನೆಟ್ಟಗಾಗದೆ ವಾಪಸು ಬರುವುದು. ಇಂಜಿನ್ನಿನ ತಲೆಯನ್ನು ನಾವಿಬ್ಬರೂ ಎತ್ತಿ ಕಟ್ಟೆಯ ಮೇಲಿಟ್ಟೆವು. ಅದು ಎಮ್ಮೆಕರುವಿನಷ್ಟು ಭಾರವಿತ್ತು. ಹಿಟ್ಟು ನಾದುವ ಪರಾತದಲ್ಲಿ ಸೀಮೆಎಣ್ಣೆ ಸುರಿದು ಒಂದೊಂದೇ ಭಾಗ ತೊಳೆದಳು. ಆ ಪರಾತದಲ್ಲಿ ಆಮೇಲೆ ಹಿಟ್ಟು ನಾದಿದಳೋ ಇಲ್ಲವೋ, ನಾನು ಕೇಳಲಿಲ್ಲ. ಅಲ್ಲಿ ಊಟ ಮಾಡಬೇಕಾದವನು ನಾನೇ ಅಲ್ಲವೇ?

ಹೊಸ ಭಾಗಗಳಿಗೆ ಹುಬ್ಬಳ್ಳಿಗೆ ಹೋದೆವು. ಅವಳ ಕೈಯಲ್ಲಿ ದೊಡ್ಡ ಟಿಫಿನ್ ಕ್ಯಾರಿಯರ್ ನೋಡಿ ನನಗೆ ಸ್ವಲ್ಪ ಜೀವ ಬಂದಿತ್ತು. ಕಲಘಟಗಿ ದಾಟಿದ ಮೇಲೆ ಹಸಿವು ತಡೆಯದೆ ಬಿಚ್ಚಿದೆ. ಮೇಲಿನ ಡಬ್ಬಿಯಲ್ಲಿ ರಾಕರುಗಳು, ಕೆಳಗಿನದರಲ್ಲಿ ವಾಲ್ವುಗಳು. ಚಪಾತಿ ಎಲ್ಲಿ ಅಂದೆ. ಅದರೊಳಗ ಜಾಗ ಎಲ್ಲೈತಿ ಅಂದಳು, ನನಗೇ ಬುದ್ಧಿ ಇಲ್ಲ ಅನ್ನುವ ಹಾಗೆ.

ಅಂಗಡಿಯವನು ಅವಳನ್ನು ದಾಟಿ ನನ್ನನ್ನು ನೋಡಿದ. "ಮಿಸ್ತ್ರಿ ಏನ್ ಹೇಳ್ಯಾನ್ರೀ?"

"ಮಿಸ್ತ್ರಿ ಹೇಳ್ಯಾಳ," ಅಂದಳು ದೊಡ್ಡವ್ವ. "ಮೊದಲ ಕುಡಿಯಾಕ ನೀರು ಕೊಡ್ರಿ, ಬಿಸಲಾಗ ಬಂದೇವಿ."

ಅವನು ನೀರೂ ಕೊಟ್ಟ, ಸ್ಟೂಲೂ ಕೊಟ್ಟ. ನಾನು ನಿಂತೇ ಇದ್ದೆ.

ಮುಂದಿನ ಶಿಕ್ಷೆ ವಾಲ್ವು ತಿಕ್ಕುವುದು. ಹೊಸ ವಾಲ್ವು ತನ್ನ ಜಾಗದಲ್ಲಿ ಗಾಳಿ ಸೋರದಂತೆ ಕೂರಬೇಕಾದರೆ, ಅಂಚಿಗೆ ಮರಳಿನಂಥ ಪೇಸ್ಟು ಹಚ್ಚಿ, ತುದಿಗೆ ರಬ್ಬರ್ ಬಟ್ಟಲಿರುವ ಕೋಲನ್ನು ಅದಕ್ಕೆ ಅಂಟಿಸಿ, ಎರಡೂ ಅಂಗೈ ನಡುವೆ ತಿರುಗಿಸುತ್ತಿರಬೇಕು. ಮಜ್ಜಿಗಿ ಕಡದಂಗ ಕಡಿ ಅಂತ ನನಗೆ ಕೋಲು ಕೊಟ್ಟಳು. ಮಜ್ಜಿಗೆಯಾದರೆ ಬೆಣ್ಣೆ ಬರುತ್ತದೆ. ಇಲ್ಲಿ ನನ್ನ ಅಂಗೈಯಲ್ಲಿ ಬೊಬ್ಬೆ ಬಂತು. ಅವಳು ಮಾತ್ರ ಒಂದು ವಾಲ್ವು ಮುಗಿಸಿ ಬೆಳಕಿಗೆ ಹಿಡಿಯುವಳು, ಬೂದು ಬಳೆಯ ಹಾಗೆ ಸುತ್ತಲೂ ಗೆರೆ ಮೂಡಿದ್ದನ್ನು ನೋಡಿ ತಲೆ ಆಡಿಸುವಳು, ಇನ್ನೊಂದು ಎತ್ತಿಕೊಳ್ಳುವಳು. ಒಳಗೆ ಮಂಚದ ಮೇಲೆ ದೊಡ್ಡಪ್ಪ ಗೋಡೆ ಕಡೆ ಮುಖ ಮಾಡಿ ಮಲಗಿರುತ್ತಿದ್ದ. ಎಲ್ಲಾ ಕೇಳ್ತಿರತಾರ, ಹೊರಗ ಬಂದು ಮಾತ್ರ ನೋಡಾಂಗಿಲ್ಲ ಅಂತ ಅವಳು ಒಮ್ಮೆ ನನ್ನ ಹತ್ತಿರ ಅಂದಿದ್ದಳು.

ಕೊನೆಗೊಂದು ರವಿವಾರ ಎಲ್ಲ ಜೋಡಿಸಿ ಕಾರು ಶುರು ಮಾಡಿದೆವು. ಇಂಜಿನ್ ಚಾಲೂ ಆಯಿತು, ನಿಜ. ಆದರೆ ಆ ಸದ್ದು! ಹತ್ತು ಮಂದಿ ಕಂಚಗಾರರು ಒಟ್ಟಿಗೆ ಕೂತು ಪಾತ್ರೆ ಬಡಿದ ಹಾಗೆ. ಎದುರುಮನೆಯ ನಾಯಿ ಓಡಿಹೋಯಿತು. ರಾಕರಿಗೂ ವಾಲ್ವಿಗೂ ನಡುವೆ ಒಂದು ದಪ್ಪ ಕಾಗದದಷ್ಟು ಸಂದಿ ಇರಬೇಕಂತೆ. ಇವಳು ಕಣ್ಣಳತೆಯಲ್ಲೇ ಬಿಟ್ಟಿದ್ದಳು. ದೊಡ್ಡವ್ವ ಮೊದಲ ಸಲ ಸೋತವಳಂತೆ ಕಟ್ಟೆಯ ಮೇಲೆ ಕೂತಳು.

ಆಗ ಬಾಗಿಲಲ್ಲಿ ದೊಡ್ಡಪ್ಪ ಕಾಣಿಸಿದ. ಗೋಡೆ ಹಿಡಿದು, ಕಾಲು ಎಳೆಯುತ್ತ ಬಂದು, ಬಂದ್ ಮಾಡು ಅಂತ ನನಗೆ ಕೈ ಮಾಡಿದ. ನಾನು ಇಂಜಿನ್ ನಿಲ್ಲಿಸಿದೆ. ಅವನು ಕಾರಿಗೆ ಒರಗಿ ಬಲಗೈಯಲ್ಲಿ ಸ್ಕ್ರೂಡ್ರೈವರ್ ಹಿಡಿದ. ಸಂದಿ ಹೊಂದಿಸುವ ಸ್ಕ್ರೂ ತಿರುಗಿಸಿದ ಮೇಲೆ ಅದು ಅಲುಗದಂತೆ ಹಿಡಿದುಕೊಂಡೇ ನಟ್ಟು ಬಿಗಿ ಮಾಡಬೇಕು, ಅದಕ್ಕೆ ಇನ್ನೊಂದು ಕೈ ಬೇಕು. ದೊಡ್ಡವ್ವ ಎದ್ದುಬಂದು ಸ್ಪ್ಯಾನರ್ ಹಿಡಿದಳು. ಸ್ಕ್ರೂ ಅವನು, ನಟ್ಟು ಅವಳು. ಹೀಗೆ ಒಂದೊಂದೇ ರಾಕರ್ ಮುಗಿಸುತ್ತ ಬರುವಾಗ ದೊಡ್ಡಪ್ಪ ಅವಳನ್ನು ಬೈಯಲು ಶುರು ಮಾಡಿದ.

ಮಾತು ತೊದಲುತ್ತಿತ್ತು, ಅರ್ಧ ಶಬ್ದಗಳು ಬಾಯಲ್ಲೇ ಉಳಿಯುತ್ತಿದ್ದವು. ಯಾರು ಹೇಳಿದ್ದರು ಇದನ್ನ ಬಿಚ್ಚಾಕ, ಕಣ್ಣು ಎಲ್ಲಿಟ್ಟಿದ್ದಿ, ಇದೇನು ಒಲಿ ಅಂತ ತಿಳಿದಿಯೇನು ಅಂತ ಒಂದೇ ಸಮನೆ ಬೈದ. ಓಣಿಯವರು ಬಂದು ನಿಂತರೂ ನಿಲ್ಲಿಸಲಿಲ್ಲ. ಇಷ್ಟು ರವಿವಾರ ಅವಳ ಸೊಂಟ ನೋವನ್ನೂ ನೋಡಿದ್ದ ನನಗೆ ತಡೆಯಲಿಲ್ಲ. ಪಾಪ, ಅಕಿ ಎಷ್ಟು ಕಷ್ಟಪಟ್ಟಾಳ ಗೊತ್ತೇನು ದೊಡ್ಡಪ್ಪ ಅಂತ ನಡುವೆ ಬಾಯಿ ಹಾಕಲು ಹೋದೆ.

ದೊಡ್ಡವ್ವ ಎಣ್ಣೆಗೈಯಲ್ಲೇ ನನ್ನ ತೋಳು ಹಿಡಿದಳು. ಅವಳ ಕಣ್ಣು ತುಂಬಿ, ಕೆನ್ನೆ ಮೇಲೆ ನೀರು ಇಳಿದಿತ್ತು.

"ಸುಮ್ನಿರೋ ತಮ್ಮಾ," ಅಂದಳು ಮೆಲ್ಲಗೆ. "ಬೈಲಿ. ನನ್ನ ಬೈದು ಭಾಳ ದಿನಾ ಆಗಿತ್ತು."