ಕಾಳಿಗೂ ಉಸಿರಿದೆ ಎಂದ ನಮ್ಮ ಕಾಕಾ

ನಮ್ಮ ಕಾಕಾ ಗಿಡಗಳ ಬಾಯಿ ಒರೆಸುತ್ತಾರೆ. ನಂಬುವುದಿಲ್ಲವೇ? ಗೋಕಾಕಿಗೆ ಬನ್ನಿ, ಚಹಾ ಕುಡಿಸಿ ತೋರಿಸುತ್ತೇನೆ. ಹೆಗಲ ಮೇಲೆ ಒದ್ದೆ ಟವೆಲ್ಲು ಹಾಕಿಕೊಂಡು ರಸ್ತೆ ಬದಿಯ ಬಾದಾಮಿ ಗಿಡದ ಕೆಳಗೆ ನಿಂತು, ಕೈಗೆ ಎಟುಕಿದ ಎಲೆಗಳನ್ನೆಲ್ಲ ಒರೆಸುತ್ತಾರೆ. ಅದೂ ಹೊಟ್ಟೆಯ ಕಡೆಯಿಂದ!

"ಎಲಿ ಬಾಯಿ ಕೆಳಗಿರತಾವು ತಮ್ಮಾ. ಧೂಳ ಕುಂತರ ಉಸರ ಕಟ್ಟತೈತಿ."

ಮೊದಲಿನಿಂದ ಹೀಗಿರಲಿಲ್ಲ. ಹಿಡಕಲ್ ಕಾಲುವೆಗೆ ನೀರು ಬಿಡುವ ನೌಕರಿ ಮಾಡಿ ನಿವೃತ್ತರಾದ ಸರಳ ಮನುಷ್ಯ. ಮೊಮ್ಮಗಳ ಏಳನೇ ತರಗತಿಯ ವಿಜ್ಞಾನ ಪುಸ್ತಕಕ್ಕೆ ರಟ್ಟು ಹಾಕಲು ಕುಳಿತವರು ಹಾಗೇ ಓದತೊಡಗಿದರು. ಪುಸ್ತಕ ಮರಳಿ ಕೊಡಲೇ ಇಲ್ಲ. ನನ್ನ ಸಲಹೆ ಕೇಳಿ: ಅರವತ್ತು ದಾಟಿದವರ ಕೈಗೆ ಶಾಲೆಯ ಪುಸ್ತಕ ಕೊಡುವುದಾದರೆ ಎರಡು ಪ್ರತಿ ತಂದಿಟ್ಟುಕೊಳ್ಳಿ.

ಒಮ್ಮೆ ನನ್ನ ಹೆಂಡತಿ ನಿಂಬೆ ಗಿಡದ ಮೇಲೆ ಒದ್ದೆ ಚಾದರ ಹರವಿದಳು. ಕಾಕಾ ಓಡಿ ಬಂದರು.

"ಯವ್ವಾ, ಬಿಸಲು, ನೀರು, ಗಾಳಿ ಕೂಡಿಸಿ ಎಲಿ ಅಡಗಿ ಮಾಡಾಕತ್ತೈತಿ. ಒಲಿ ಮ್ಯಾಲ ಚಾದರ ಹಾಕ್ತಿಯೇನ?"

"ಮತ್ತ ಎಲ್ಲಿ ಒಣಾ ಹಾಕ್ಲಿ ಮಾವಾರ?"

"ನನ್ನ ಮ್ಯಾಲ ಹಾಕು. ನಾ ಬಿಸಲಾಗ ನಿಂತ್ರೂ ಒಂದ ರೊಟ್ಟಿ ಆಗೂದಿಲ್ಲ."

ಅವಳೂ ಕಡಿಮೆಯವಳಲ್ಲ, ಹಾಕಿಯೇಬಿಟ್ಟಳು. ಚಾದರ ಒಣಗುವವರೆಗೆ ಅವರು ಅಂಗಳದಲ್ಲಿ ನಿಂತಿದ್ದರು.

ಒಂದೇ ತಕ್ಕಡಿಯಿಂದ ಶುರುಮಾಡಿ ಕಾಳಿನ ಅಂಗಡಿ ಕಟ್ಟಿದವನು ನಾನು. ಚೌಕಾಶಿಯಲ್ಲಿ ನನ್ನನ್ನು ಸೋಲಿಸಿದವರಿಲ್ಲ, ಕಾಕಾರನ್ನು ಮೂಡಲಗಿ ಸಂತೆಗೆ ಕರೆದೊಯ್ದ ದಿನವೊಂದನ್ನು ಬಿಟ್ಟರೆ. ನಾನು ಜೋಳದಲ್ಲಿ ಹುಳುಕು ಹುಡುಕಿ ದರ ಇಳಿಸುತ್ತಿದ್ದೆ. ಕಾಕಾ ಚೀಲದೊಳಗೆ ಮೊಣಕೈವರೆಗೆ ಕೈ ತೂರಿಸಿ ಕಣ್ಣರಳಿಸಿದರು.

"ಬೆಚ್ಚಗೈತಿ ತಮ್ಮಾ. ಉಸರಾಡಾಕತ್ತೈತಿ."

"ಜ್ವಾಳಾನ ರೀ?" ಎಂದ ಮಾರುವವನು.

"ಹೂಂ. ಒಳಗ ಜೀವ ಐತೆಲ್ಲಾ. ಕೂಡಿಟ್ಟ ಅನ್ನಾನ ಗಾಳಿ ಜೋಡಿ ಸುಟ್ಟು ಬದಕತೈತಿ. ನಿನ್ನ ಮೈ ಯಾಕ ಬೆಚ್ಚಗೈತಿ ಮತ್ತ?"

ಬೆಚ್ಚಗಿರುವ ಕಾಳು ಎಂದರೆ ಹಸಿ ಕಾಳು. ದರ ಇನ್ನಷ್ಟು ಮುರಿಯಲು ಅದೇ ಸಾಕಿತ್ತು. ನಾನು ಬಾಯಿ ತೆರೆಯುವಷ್ಟರಲ್ಲಿ ಮಾರುವವನು ಚೀಲದ ಬೆನ್ನು ಸವರಿದ.

"ಜೀವಂತ ಮಾಲಂತ ಕಾಕಾರ ಹೇಳ್ಯಾರ್ರಿ. ದರ ಇಳಿಯೂದಿಲ್ಲ."

ಕಳೆದ ಬೇಸಗೆಯಲ್ಲಿ ಹುಕ್ಕೇರಿಯ ಹಳೆ ಮನೆಯೊಂದರಲ್ಲಿ ಹಗೇವು ತೆರೆಯುತ್ತಾರೆಂಬ ಸುದ್ದಿ ಬಂತು. ನೆಲದೊಳಗೆ ಬಾವಿಯಂತೆ ತೋಡಿ, ಜೋಳ ತುಂಬಿ, ಬಾಯಿ ಮುಚ್ಚಿಡುವ ಕಣಜವದು. ನಾಲ್ಕು ವರ್ಷ ತೆರೆದಿರಲಿಲ್ಲವಂತೆ. ಇನ್ನೊಬ್ಬ ವ್ಯಾಪಾರಿಯೂ ಹೊರಟಿದ್ದಾನೆಂದು ಕೇಳಿ ನಾನು ಮೊದಲ ಬಸ್ ಹಿಡಿದೆ. ಬೇಡವೆಂದರೂ ಕಾಕಾ ಬೆನ್ನು ಹತ್ತಿದರು.

ಮನೆಯ ಯಜಮಾನ ಆಗಷ್ಟೇ ಬಾಯಿಗಲ್ಲು ಸರಿಸಿ ಏಣಿ ಇಳಿಬಿಟ್ಟಿದ್ದ. ನಾನು ಅಂಗಿಯ ತೋಳು ಮಡಚುವಷ್ಟರಲ್ಲಿ ಕಾಕಾ ಹೋಗಿ ಏಣಿಯನ್ನು ತಬ್ಬಿಕೊಂಡು ಕುಳಿತುಬಿಟ್ಟರು.

"ಏಳ್ರಿ ಕಾಕಾ. ಅಂವ ಬರೂದ್ರೊಳಗ ಮಾಲ ನೋಡಬೇಕು."

"ಇಳೀಬ್ಯಾಡ. ಕಾಳು ನಾಕ ವರ್ಷ ಒಳಗಿನ ಗಾಳಿ ಉಂಡೈತಿ. ತಿರಗಿ ಒಳ್ಳೆ ಗಾಳಿ ಮಾಡಿಕೊಡಾಕ ಒಳಗ ಒಂದಾದ್ರೂ ಎಲಿ ಐತೇನ?"

ಯಜಮಾನ ನಕ್ಕ. ನನಗೆ ನಾಚಿಕೆ. ಕಾಕಾ ಏಳಲಿಲ್ಲ. "ಕಂದೀಲ ತಗೊಂಡ ಬರ್ರಿ" ಎಂದರು.

ಹಗ್ಗಕ್ಕೆ ಕಟ್ಟಿದ ಕಂದೀಲು ಇಳಿಯಿತು. ಒಂದಾಳುದ್ದ ಹೋಗುವಷ್ಟರಲ್ಲಿ ಬೆಳಕು ಕುಗ್ಗಿ, ನೀಲಿಯಾಗಿ, ಆರಿತು. ಗಾಳಿಗೆ ಆರಿರಬೇಕೆಂದು ನಾನೇ ಮತ್ತೆ ಹಚ್ಚಿ ಇಳಿಸಿದೆ. ಅಲ್ಲೇ ಆರಿತು.

ಯಜಮಾನ ಏಣಿಯನ್ನು ಮೇಲೆಳೆದು ಗೋಡೆಗೆ ಒರಗಿಸಿದ. ಇನ್ನೊಬ್ಬ ವ್ಯಾಪಾರಿ ಬಂದ. ಅವನಿಗೂ ನಾನೇ ಹೇಳಿದೆ, ಇವತ್ತು ಯಾರೂ ಇಳಿಯಬಾರದೆಂದು. ಚೌಕಾಶಿ ನೆನಪಾಗಲಿಲ್ಲ.

ಕಾಕಾ ಗೆದ್ದ ಗತ್ತು ತೋರಲಿಲ್ಲ, ಪುಸ್ತಕದ ಮಾತೂ ಎತ್ತಲಿಲ್ಲ. ಮರಳುವ ಬಸ್ಸಿನಲ್ಲಿ ಕಿಟಕಿಯಾಚೆ ಕಬ್ಬು ನೋಡುತ್ತ ಕುಳಿತಿದ್ದರು. ಘಟಪ್ರಭೆ ದಾಟಿದ ಮೇಲೆ ನಾನು ಕೆಳಗೆ ನೋಡಿದೆ. ಅವರ ಮುಷ್ಟಿಯಲ್ಲಿ ನನ್ನ ಅಂಗಿಯ ತುದಿ ಇತ್ತು. ಹುಕ್ಕೇರಿಯಿಂದಲೂ ಹಿಡಿದೇ ಇದ್ದರೆಂದು ಕಾಣುತ್ತದೆ. ಬಟ್ಟೆ ಬೆವರಿಗೆ ಒದ್ದೆಯಾಗಿತ್ತು.

ಬಿಡಿ ಎನ್ನಲಿಲ್ಲ. ಎದೆ ತುಂಬ ಒಮ್ಮೆ ಉಸಿರೆಳೆದು ಬಿಟ್ಟೆ, ಅವರಿಗೆ ಕೇಳುವಷ್ಟು ಜೋರಾಗಿ.